ಮದುವೆಗೂ ಆಪರೇಷನ್‌ಗೂ ನಡುವಿನ ವರ್ಷಗಳು: ಯಾವ ತಾತ್ಕಾಲಿಕ ಗರ್ಭನಿರೋಧಕ ಯಾರಿಗೆ?

ಕರ್ನಾಟಕದಲ್ಲಿ 15ರಿಂದ 49 ವರ್ಷದ ವಿವಾಹಿತ ಮಹಿಳೆಯರಲ್ಲಿ ನೂರಕ್ಕೆ 57.4 ಮಂದಿ ಸಂತಾನಹರಣದ ಆಪರೇಷನ್ ಮಾಡಿಸಿಕೊಂಡವರು. 2019-21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಲೆಕ್ಕ ಇದು. ಇಡೀ ದೇಶದ ಸರಾಸರಿ 37.9. ತಾತ್ಕಾಲಿಕ ವಿಧಾನಗಳ ಪಾಲು ದೇಶದ ಮಟ್ಟದಲ್ಲಿ ಹೀಗಿದೆ: ಕಾಂಡೋಮ್ 9.5, ಮಾತ್ರೆ 5.1, ಗರ್ಭಕೋಶದೊಳಗೆ ಇಡುವ ವಂಕಿ 2.1, ಇಂಜೆಕ್ಷನ್ 0.6. ಗಂಡಸರ ಆಪರೇಷನ್ 0.3ಕ್ಕೇ ನಿಂತಿದೆ.

ಅಂಕಿಗಳ ಹಿಂದಿರುವ ರೂಢಿ ಎಲ್ಲರಿಗೂ ಗೊತ್ತಿರುವುದೇ. ಮದುವೆಯಾದ ಮೇಲೆ ಬೇಗ ಒಂದು ಮಗು, ಅದರ ಬೆನ್ನಿಗೇ ಇನ್ನೊಂದು, ಎರಡನೇ ಬಾಣಂತನದಲ್ಲೇ ಆಪರೇಷನ್. ಮೊದಲ ಮಗುವನ್ನು ಒಂದೆರಡು ವರ್ಷ ಮುಂದೂಡಬೇಕು, ಎರಡು ಮಕ್ಕಳ ನಡುವೆ ಮೂರು ವರ್ಷ ಅಂತರ ಬೇಕು, ಅಥವಾ ಮಕ್ಕಳು ಸಾಕು ಆದರೆ ಆಪರೇಷನ್ ಬೇಡ ಎನ್ನುವವರಿಗೆ ಮನೆಯಲ್ಲಿ ಹೇಳಿಕೊಡುವವರಿಲ್ಲ. ಅತ್ತೆಗೆ ಗೊತ್ತಿರುವುದು ಆಪರೇಷನ್, ಗೆಳತಿಗೆ ಗೊತ್ತಿರುವುದು ಮೆಡಿಕಲ್ ಶಾಪಿನ ತುರ್ತು ಮಾತ್ರೆ. ಸರ್ಕಾರವೇ ಗರ್ಭನಿರೋಧ ಕ್ಲಿನಿಕ್ ತೆರೆಯುವ ಕೆಲಸವನ್ನು ಮೈಸೂರು ಸಂಸ್ಥಾನ 1930ರಷ್ಟು ಹಿಂದೆಯೇ ಮಾಡಿತ್ತು. ಅಂಥ ನಾಡಿನಲ್ಲಿ ಈ ವಿಷಯ ಇಂದಿಗೂ ಪಿಸುಮಾತಿನಲ್ಲೇ ನಡೆಯುವುದು ವಿಚಿತ್ರವೇ ಸರಿ.

ಆಯ್ಕೆಗೆ ಮೊದಲು ಐದು ಪ್ರಶ್ನೆ

ಎಲ್ಲರಿಗೂ ಒಪ್ಪುವ ಒಂದೇ ವಿಧಾನ ಇಲ್ಲ. ಈ ಐದಕ್ಕೆ ಉತ್ತರ ಕೊಟ್ಟುಕೊಂಡರೆ ಪಟ್ಟಿ ತಾನಾಗಿ ಎರಡು ಮೂರಕ್ಕೆ ಇಳಿಯುತ್ತದೆ.

1. ಮುಂದಿನ ಮಗು ಯಾವಾಗ? ಒಂದು ವರ್ಷದೊಳಗೆ ಬೇಕು ಎನ್ನುವವರಿಗೂ ಐದು ವರ್ಷ ಬೇಡ ಎನ್ನುವವರಿಗೂ ಒಂದೇ ಉತ್ತರವಿಲ್ಲ.

2. ನೆನಪಿನ ಕೆಲಸ ಎಷ್ಟು ಮಾಡಬಲ್ಲಿರಿ? ದಿನಕ್ಕೊಮ್ಮೆ, ವಾರಕ್ಕೊಮ್ಮೆ, ಮೂರು ತಿಂಗಳಿಗೊಮ್ಮೆ, ಹತ್ತು ವರ್ಷಕ್ಕೊಮ್ಮೆ ನೆನಪಿಡಬೇಕಾದ ವಿಧಾನಗಳೆಲ್ಲ ಇವೆ.

3. ಮುಟ್ಟಿನಲ್ಲಿ ಯಾವ ಬದಲಾವಣೆ ಸಹಿಸಬಲ್ಲಿರಿ? ಹೆಚ್ಚು ಹೋಗುವುದೋ, ಕಡಿಮೆಯಾಗುವುದೋ, ತಪ್ಪಿಹೋಗುವುದೋ, ಹೊತ್ತು ಗೊತ್ತಿಲ್ಲದೆ ಕಲೆ ಕಾಣುವುದೋ?

4. ಮೈಯಲ್ಲಿ ಏನಿದೆ? ಬಿಪಿ, ರಕ್ತಹೀನತೆ, ಅರೆತಲೆನೋವು, ಮೂರ್ಛೆ ಅಥವಾ ಕ್ಷಯದ ಔಷಧ, ಎದೆಹಾಲು ಕುಡಿಯುವ ಮಗು.

5. ಗಂಡನ ಸಹಕಾರ ಎಷ್ಟು? ಮನೆಯಲ್ಲಿ ಗುಟ್ಟಾಗಿರಬೇಕೆ?

ಬಹಳಷ್ಟು ಮಂದಿ ಕೇಳುವುದು "ಯಾವುದು ಗ್ಯಾರಂಟಿ?" ಎಂದು. ಆದರೆ ಬಳಕೆ ಅರ್ಧಕ್ಕೇ ನಿಲ್ಲುವುದು ಹೆಚ್ಚಾಗಿ ಮೂರನೆಯ ಪ್ರಶ್ನೆಯನ್ನು ಮೊದಲೇ ಕೇಳಿಕೊಳ್ಳದ ಕಾರಣಕ್ಕೆ. ಮುಟ್ಟು ಏರುಪೇರಾಗುತ್ತದೆ ಎಂದು ಯಾರೂ ಹೇಳಿರುವುದಿಲ್ಲ. ಎರಡನೇ ತಿಂಗಳಲ್ಲಿ ಹೆದರಿ ಬಿಡುತ್ತಾರೆ, ನಾಲ್ಕನೇ ತಿಂಗಳಲ್ಲಿ ಬಸಿರಾಗುತ್ತಾರೆ.

ಗ್ಯಾರಂಟಿಯ ಲೆಕ್ಕವನ್ನೂ ನೋಡಿಬಿಡೋಣ. ನೂರು ಮಂದಿ ಒಂದು ವರ್ಷ ಬಳಸಿದರೆ ಬಸಿರಾಗುವವರೆಷ್ಟು? ಏನೂ ಬಳಸದಿದ್ದರೆ 85. ಹೊರಗೆ ಬಿಡುವ ಪದ್ಧತಿಯಲ್ಲಿ ಸುಮಾರು 20, ಕಾಂಡೋಮ್‌ನಲ್ಲಿ 13, ದಿನದ ಮಾತ್ರೆಯಲ್ಲಿ 7, ಇಂಜೆಕ್ಷನ್‌ನಲ್ಲಿ 4. ತಾಮ್ರದ ವಂಕಿಯಲ್ಲಿ ಒಂದಕ್ಕಿಂತ ಕಡಿಮೆ, ತೋಳಿನ ಚರ್ಮದಡಿ ಇಡುವ ಕಡ್ಡಿಯಾದ ಇಂಪ್ಲಾಂಟ್‌ನಲ್ಲಿ ಸಾವಿರಕ್ಕೆ ಒಂದರ ಆಸುಪಾಸು. ಹೆಚ್ಚಾಗಿ ಅಮೆರಿಕದ ಬಳಕೆದಾರರ ಅಧ್ಯಯನಗಳಿಂದ ಬಂದ ಅಂಕಿಗಳಿವು. ಮರೆವು, ತಡ, ಅರೆಬರೆ ಬಳಕೆ ಎಲ್ಲ ಸೇರಿದ ಲೆಕ್ಕ. ಒಂದು ದಿನವೂ ತಪ್ಪದೆ ನುಂಗಿದರೆ ಮಾತ್ರೆಯ 7 ಒಂದಕ್ಕಿಂತ ಕೆಳಗಿಳಿಯುತ್ತದೆ, ಕಾಂಡೋಮ್‌ನ 13 ಎರಡಕ್ಕೆ. ವಂಕಿಯಲ್ಲಿ ಈ ಅಂತರವೇ ಇಲ್ಲ, ಏಕೆಂದರೆ ಅಲ್ಲಿ ಮರೆಯಲು ಏನೂ ಇಲ್ಲ.

ಕಾಂಡೋಮ್

ಗರ್ಭದ ಜೊತೆಗೆ ಎಚ್‌ಐವಿ ಮತ್ತಿತರ ಲೈಂಗಿಕ ಸೋಂಕುಗಳನ್ನೂ ತಡೆಯುವುದು ಕಾಂಡೋಮ್ ಒಂದೇ. ಗಂಡಸರ ಪಾಲಿಗೆ ಸದ್ಯ ಸುಲಭವಾಗಿ ಸಿಗುವ ತಾತ್ಕಾಲಿಕ ವಿಧಾನವೂ ಇದೊಂದೇ. ನಿರೋಧ್ ಸರ್ಕಾರಿ ಆಸ್ಪತ್ರೆಯಲ್ಲಿ, ಆಶಾ ಕಾರ್ಯಕರ್ತೆಯರ ಬಳಿ ಸಿಗುತ್ತದೆ.

ಸೋಲುವುದು ರಬ್ಬರು ಹರಿದದ್ದಕ್ಕಿಂತ ಹೆಚ್ಚಾಗಿ, ತಡವಾಗಿ ಹಾಕಿಕೊಂಡದ್ದಕ್ಕೆ ಅಥವಾ "ಇವತ್ತೊಂದು ದಿನ" ಎಂದು ಬಿಟ್ಟದ್ದಕ್ಕೆ. ಹರಿಯುವುದಕ್ಕೂ ಕಾರಣಗಳಿವೆ. ಕೊಬ್ಬರಿ ಎಣ್ಣೆ, ವ್ಯಾಸಲೀನ್ ಹಚ್ಚಿದರೆ ಲೇಟೆಕ್ಸ್ ಕೆಲವೇ ನಿಮಿಷಗಳಲ್ಲಿ ದುರ್ಬಲವಾಗುತ್ತದೆ. ಜಾರುದ್ರವ ಬೇಕಿದ್ದರೆ ನೀರಿನ ಆಧಾರದ್ದೇ ಆಗಬೇಕು. ಪರ್ಸಿನಲ್ಲಿ, ಬೈಕಿನ ಡಿಕ್ಕಿಯಲ್ಲಿ ತಿಂಗಳುಗಟ್ಟಲೆ ಬಿಸಿಗೆ ಬೆಂದದ್ದು ಬಳಕೆಗೆ ಬಾರದು. ತುದಿಯ ಗಾಳಿ ಹಿಂಡಿ ಹಾಕಬೇಕು, ಮುಗಿದ ಕೂಡಲೇ ಬುಡ ಹಿಡಿದು ತೆಗೆಯಬೇಕು. ಒಂದರ ಮೇಲೊಂದು ಎರಡು ಹಾಕಿದರೆ ಉಜ್ಜಿಕೊಂಡು ಹರಿಯುತ್ತವೆ.

ಅಪರೂಪಕ್ಕೆ ಸೇರುವ ದಂಪತಿಗೆ, ಬೇರೆ ವಿಧಾನ ಶುರುವಾಗುವ ತನಕ ತಡೆ ಬೇಕಾದವರಿಗೆ ಇದು ಸಾಕು. ಗಂಡ ಒಪ್ಪದ ಮನೆಯಲ್ಲಿ ಮಾತ್ರ ಇದನ್ನೇ ನೆಚ್ಚಿಕೊಂಡಿರುವುದು ಬೇಡ.

ಮಾಲಾ-ಎನ್: ದಿನಕ್ಕೊಂದು

28 ಮಾತ್ರೆಗಳ ಪಟ್ಟಿ: 21 ಹಾರ್ಮೋನಿನವು, 7 ಕಬ್ಬಿಣಾಂಶದವು. ಮಾಲಾ-ಎನ್ ಉಚಿತ, ಅದೇ ಬಗೆಯ ಮಾಲಾ-ಡಿ ಕಡಿಮೆ ಬೆಲೆಗೆ ಅಂಗಡಿಯಲ್ಲಿ ಸಿಗುತ್ತದೆ. ಮುಟ್ಟಾದ ಮೊದಲ 5 ದಿನಗಳೊಳಗೆ ಶುರು ಮಾಡಿದರೆ ಅಂದಿನಿಂದಲೇ ರಕ್ಷಣೆ. ತಡವಾದರೆ ಮೊದಲ 7 ದಿನ ಕಾಂಡೋಮ್ ಜೊತೆಗಿರಬೇಕು. ಊಟದ ನಂತರ, ಮಲಗುವ ಮುನ್ನ ಎಂದು ಹೊತ್ತು ಗೊತ್ತು ಮಾಡಿಕೊಂಡರೆ ವಾಕರಿಕೆಯೂ ಕಡಿಮೆ.

ಮುಟ್ಟು ಗಡಿಯಾರದಂತೆ ಬರುತ್ತದೆ, ಸ್ರಾವ ಮತ್ತು ಹೊಟ್ಟೆನೋವು ಇಳಿಯುತ್ತವೆ. ಬಿಟ್ಟರೆ ಗರ್ಭ ನಿಲ್ಲಲು ಹೆಚ್ಚು ಕಾಯಬೇಕಿಲ್ಲ. "ಮಾತ್ರೆ ನುಂಗಿದರೆ ಆಮೇಲೆ ಮಕ್ಕಳಾಗುವುದಿಲ್ಲ" ಎಂಬ ಮಾತಿಗೆ ಆಧಾರವಿಲ್ಲ.

ಮರೆತರೆ ಏನು ಮಾಡಬೇಕು ಎನ್ನುವುದನ್ನು ಪಟ್ಟಿಯ ಹಿಂದೆ ಬರೆದಿಟ್ಟುಕೊಳ್ಳಿ. ಒಂದೆರಡು ಹಾರ್ಮೋನ್ ಮಾತ್ರೆ ತಪ್ಪಿದ್ದರೆ ನೆನಪಾದ ತಕ್ಷಣ ಒಂದು ನುಂಗಿ, ಆ ದಿನದ್ದನ್ನು ಅದರ ಹೊತ್ತಿಗೇ ನುಂಗಿ ಮುಂದುವರಿಸಿ. ಮೂರು ಅಥವಾ ಹೆಚ್ಚು ತಪ್ಪಿದ್ದರೆ ತಕ್ಷಣ ಒಂದು ನುಂಗಿ, ಮುಂದಿನ 7 ದಿನ ಕಾಂಡೋಮ್ ಬಳಸಿ. ಅದು ಮೂರನೇ ವಾರದಲ್ಲಾಗಿದ್ದರೆ ಕಬ್ಬಿಣದ ಮಾತ್ರೆಗಳನ್ನು ಬಿಟ್ಟು ನೇರವಾಗಿ ಹೊಸ ಪಟ್ಟಿ ಶುರು ಮಾಡಿ. ಕಬ್ಬಿಣದ ಮಾತ್ರೆ ತಪ್ಪಿದರೆ ತಲೆಕೆಡಿಸಿಕೊಳ್ಳಬೇಕಿಲ್ಲ. ಅತಿ ಅಪಾಯದ ಮರೆವು ಎಂದರೆ ಹೊಸ ಪಟ್ಟಿಯನ್ನು ತಡವಾಗಿ ಶುರು ಮಾಡುವುದು. ಊರಿಗೆ ಹೋಗುವಾಗ ಪಟ್ಟಿ ಮನೆಯಲ್ಲೇ ಉಳಿಯುವುದರಿಂದ ಆಗುವುದು ಇದೇ.

ಬಿಪಿ 140/90 ಅಥವಾ ಮೇಲಿದ್ದವರು, ಕಣ್ಣ ಮುಂದೆ ಮಿಂಚು ಬಂದು ಅರೆತಲೆನೋವು ಶುರುವಾಗುವವರು, ಕಾಲಿನ ರಕ್ತನಾಳದಲ್ಲಿ ರಕ್ತ ಹೆಪ್ಪುಗಟ್ಟಿದ್ದವರು, ಸ್ತನ ಕ್ಯಾನ್ಸರ್ ಅಥವಾ ಯಕೃತ್ತಿನ ಕಾಯಿಲೆಯವರು, 35 ದಾಟಿ ಧೂಮಪಾನ ಮಾಡುವವರು ಇದನ್ನು ನುಂಗಬಾರದು. ಎದೆಹಾಲು ಕೊಡುವವರು 6 ತಿಂಗಳು ಕಾಯಬೇಕು. ನುಂಗುತ್ತಿರುವಾಗ ಒಂದು ಕಾಲು ಊದಿ ನೋವು, ಎದೆನೋವು, ಹಿಂದೆಂದೂ ಇಲ್ಲದಂಥ ತಲೆನೋವು, ದೃಷ್ಟಿ ಮಂಜು ಇವುಗಳಲ್ಲಿ ಯಾವುದು ಕಂಡರೂ ಮಾತ್ರೆ ನಿಲ್ಲಿಸಿ ಅಂದೇ ಆಸ್ಪತ್ರೆಗೆ ಹೋಗಬೇಕು. ಬಿಪಿ ನೋಡದೆ ಯಾರಾದರೂ ಪಟ್ಟಿ ಕೈಗಿಟ್ಟರೆ, ನೋಡಿ ಎಂದು ನೀವೇ ಕೇಳಿ.

ಛಾಯಾ: ವಾರದ ಮಾತ್ರೆ

ಇದು ನಮ್ಮ ದೇಶದ್ದೇ ಸಂಶೋಧನೆ. ಲಖನೌದ ಕೇಂದ್ರೀಯ ಔಷಧ ಸಂಶೋಧನಾ ಸಂಸ್ಥೆಯಲ್ಲಿ ರೂಪುಗೊಂಡು ಮೊದಲು ಸಹೇಲಿ ಎಂಬ ಹೆಸರಲ್ಲಿ ಮಾರಾಟಕ್ಕೆ ಬಂತು. ಛಾಯಾ ಹೆಸರಿನಲ್ಲಿ ಸರ್ಕಾರಿ ಆಸ್ಪತ್ರೆಗಳಲ್ಲಿ ಉಚಿತ. ಇದರಲ್ಲಿ ಹಾರ್ಮೋನ್ ಇಲ್ಲ. ಹಾಗಾಗಿ ವಾಕರಿಕೆ, ತೂಕದ ಏರಿಕೆ ಸಾಮಾನ್ಯವಾಗಿ ಕಾಡವು, ಹಾಲುಣಿಸುವವರಿಗೂ ಆಗುತ್ತದೆ. ಸರಿಯಾಗಿ ನುಂಗಿದರೆ ವರ್ಷಕ್ಕೆ ನೂರರಲ್ಲಿ ಒಂದಿಬ್ಬರಷ್ಟೇ ಬಸಿರಾಗುತ್ತಾರೆ.

ಗೊಂದಲವಿರುವುದು ವೇಳಾಪಟ್ಟಿಯಲ್ಲಿ. ಮುಟ್ಟಾದ ಮೊದಲ ದಿನ ಒಂದು, ನಾಲ್ಕನೇ ದಿನ ಒಂದು. ಮೊದಲ ಮೂರು ತಿಂಗಳು ಪ್ರತಿ ವಾರ ಅದೇ ಎರಡು ದಿನಗಳಂದು. ನಾಲ್ಕನೇ ತಿಂಗಳಿಂದ ವಾರಕ್ಕೊಮ್ಮೆ, ಮೊದಲ ಮಾತ್ರೆ ನುಂಗಿದ ದಿನದಂದು ಮಾತ್ರ. ಸೋಮವಾರ ಮುಟ್ಟಾದರೆ ಮೂರು ತಿಂಗಳು ಸೋಮವಾರ ಮತ್ತು ಗುರುವಾರ, ಆಮೇಲೆ ಬರೀ ಸೋಮವಾರ. ನಡುವೆ ಮುಟ್ಟು ಯಾವಾಗ ಬಂದರೂ ವಾರ ಬದಲಾಗದು. "ವಾರಕ್ಕೊಂದು" ಎಂದು ಕೇಳಿ ಮೊದಲ ದಿನದಿಂದಲೇ ವಾರಕ್ಕೊಂದು ನುಂಗಿದವರಿಗೆ ರಕ್ಷಣೆ ಪೂರ್ತಿ ಸಿಗುವುದಿಲ್ಲ. ಛಾಯಾ ಸೋಲುವ ದೊಡ್ಡ ದಾರಿ ಇದೇ.

ಮರೆತು 7 ದಿನದೊಳಗೆ ನೆನಪಾದರೆ ಕೂಡಲೇ ನುಂಗಿ, ಹಳೆಯ ವಾರದಂತೆಯೇ ಮುಂದುವರಿಸಿ, ಮುಂದಿನ ಮುಟ್ಟಿನ ತನಕ ಕಾಂಡೋಮ್ ಇರಲಿ. 7 ದಿನ ದಾಟಿದ್ದರೆ ಹೊಸಬರಂತೆ ಮತ್ತೆ ವಾರಕ್ಕೆರಡರಿಂದ ಶುರು.

ಕೆಲವರಿಗೆ ಮುಟ್ಟು ತಡವಾಗುತ್ತದೆ, ಸ್ರಾವ ಇಳಿಯುತ್ತದೆ. ರಕ್ತಹೀನತೆ ಇರುವವರಿಗೆ ಇದು ಲಾಭವೇ. ಆದರೆ ತಡ 15 ದಿನ ದಾಟಿದರೆ ಗರ್ಭ ಪರೀಕ್ಷೆ ಮಾಡಿಸಿ. ಅಂಡಾಶಯದಲ್ಲಿ ನೀರುಗುಳ್ಳೆ ಅಥವಾ ಪಿಸಿಓಎಸ್ ಇರುವವರು, ಇತ್ತೀಚೆಗೆ ಕಾಮಾಲೆ ಆದವರು, ಕ್ಷಯ ಅಥವಾ ಮೂತ್ರಪಿಂಡದ ಕಾಯಿಲೆಯವರು ಬೇರೆ ನೋಡಿಕೊಳ್ಳಬೇಕು.

ಅಂತರಾ: ಮೂರು ತಿಂಗಳ ಇಂಜೆಕ್ಷನ್

ತೋಳಿಗೋ ಸೊಂಟದ ಕೆಳಗೋ 150 ಮಿಲಿಗ್ರಾಂ ಚುಚ್ಚುತ್ತಾರೆ. ಚುಚ್ಚಿದ ಜಾಗ ಉಜ್ಜಬಾರದು, ಬಿಸಿ ಕಾವು ಕೊಡಬಾರದು. ಹಾಗೆ ಮಾಡಿದರೆ ಔಷಧ ನಿಧಾನವಾಗಿ ಬಿಡುಗಡೆಯಾಗಬೇಕಾದದ್ದು ಬೇಗ ಮುಗಿದುಹೋಗುತ್ತದೆ. ಮುಂದಿನ ದಿನಾಂಕ ಅಂತರಾ ಕಾರ್ಡಿನಲ್ಲಿರುತ್ತದೆ. 2 ವಾರ ಮೊದಲೂ ಆಗುತ್ತದೆ, 4 ವಾರ ತಡವಾದರೂ ಆಗುತ್ತದೆ, ಅದಕ್ಕಿಂತ ಹೆಚ್ಚು ತಡ ಬೇಡ.

ಮನೆಯಲ್ಲಿ ಮಾತ್ರೆಯ ಪಟ್ಟಿ ಸಿಕ್ಕಿಬಿದ್ದರೆ ಜಗಳವಾಗುವಂಥವರಿಗೆ ಇದಕ್ಕಿಂತ ಗುಟ್ಟಿನದು ಇನ್ನೊಂದಿಲ್ಲ. ಹೆರಿಗೆಯಾಗಿ 6 ವಾರದ ನಂತರ ಹಾಲುಣಿಸುತ್ತಲೇ ತೆಗೆದುಕೊಳ್ಳಬಹುದು. ಮೂರ್ಛೆಯ ಮತ್ತು ಕ್ಷಯದ ಔಷಧಗಳು ಇದರ ಬಲ ತಗ್ಗಿಸುವುದಿಲ್ಲ. ದಿನದ ಮಾತ್ರೆಗೂ ಇಂಪ್ಲಾಂಟಿಗೂ ಈ ಮಾತು ಹೇಳುವಂತಿಲ್ಲ: ಕ್ಷಯದ ರಿಫಾಂಪಿಸಿನ್, ಮೂರ್ಛೆಯ ಫೆನಿಟಾಯಿನ್, ಕಾರ್ಬಮಜೆಪೀನ್ ಅವುಗಳ ಪರಿಣಾಮವನ್ನು ಕುಗ್ಗಿಸುತ್ತವೆ.

ಬೆಲೆ ತೆರಬೇಕಾದದ್ದು ಎರಡು ಕಡೆ. ಮೊದಲನೆಯದು ಮುಟ್ಟು. ಮೊದಲ ತಿಂಗಳುಗಳಲ್ಲಿ ಅಕಾಲದಲ್ಲಿ ಕಲೆ ಕಾಣುತ್ತದೆ, ವರ್ಷದ ಹೊತ್ತಿಗೆ ಅನೇಕರಿಗೆ ಮುಟ್ಟೇ ನಿಲ್ಲುತ್ತದೆ. "ಕೆಟ್ಟ ರಕ್ತ ಒಳಗೇ ಉಳಿದರೆ?" ಎಂಬ ಭಯ ಸಹಜ. ಆದರೆ ಇಲ್ಲಿ ಗರ್ಭಕೋಶದ ಒಳಪದರವೇ ದಪ್ಪವಾಗಿ ಬೆಳೆಯುವುದಿಲ್ಲ, ಹೊರಹೋಗಲು ಏನೂ ಶೇಖರವಾಗಿರುವುದಿಲ್ಲ. ಎರಡನೆಯದು ಕಾಯುವಿಕೆ. ಕೊನೆಯ ಇಂಜೆಕ್ಷನ್ ಆದ ಮೇಲೆ ಗರ್ಭ ನಿಲ್ಲಲು ಸಾಮಾನ್ಯವಾಗಿ 7ರಿಂದ 10 ತಿಂಗಳು ಹಿಡಿಯುತ್ತದೆ. ಬರುವ ವರ್ಷವೇ ಮಗು ಬೇಕು ಎನ್ನುವವರಿಗೆ ಇದು ಹೇಳಿಸಿದ ವಿಧಾನವಲ್ಲ. ಕೆಲವರ ತೂಕ ಒಂದೆರಡು ಕಿಲೋ ಏರುತ್ತದೆ. ಮೂಳೆಯ ಸಾಂದ್ರತೆ ಸ್ವಲ್ಪ ಇಳಿದರೂ ನಿಲ್ಲಿಸಿದ ಮೇಲೆ ಮರಳುತ್ತದೆ. ಇನ್ನೊಂದು ಮಾತು: ಚುಚ್ಚಿದ್ದನ್ನು ವಾಪಸ್ ತೆಗೆಯಲಾಗದು. ಒಗ್ಗದಿದ್ದರೆ ಮೂರು ತಿಂಗಳು ತಾಳಲೇಬೇಕು.

ವಂಕಿ, ಅಂದರೆ ಕಾಪರ್-ಟಿ

ಖರ್ಚು, ಭರವಸೆ, ಬೇಕೆಂದಾಗ ತೆಗೆಸಬಹುದಾದ ಅನುಕೂಲ ಮೂರನ್ನೂ ಕೂಡಿಸಿ ನೋಡಿದರೆ ಮೇಲುಗೈ ಇದರದೇ, ಆದರೂ ಹೆಚ್ಚು ಕೆಟ್ಟ ಹೆಸರು ಹೊತ್ತಿರುವುದೂ ಇದೇ. ಸರ್ಕಾರಿ ಆಸ್ಪತ್ರೆಯಲ್ಲಿ ಎರಡು ಬಗೆ: 380ಎ 10 ವರ್ಷಕ್ಕೆ, 375 ಎಂಬುದು 5 ವರ್ಷಕ್ಕೆ. ಎರಡೂ ಉಚಿತ. ಐದು ವರ್ಷದ ವಂಕಿಯನ್ನು ಎರಡನೇ ವರ್ಷಕ್ಕೆ ತೆಗೆಸಿದರೂ ತಪ್ಪಿಲ್ಲ. ತೆಗೆದ ಮುಂದಿನ ತಿಂಗಳೇ ಗರ್ಭ ನಿಲ್ಲಬಹುದು.

ಯಾವಾಗ ಹಾಕಿಸಬೇಕು? ಮುಟ್ಟಾದ 12 ದಿನದೊಳಗೆ, ಅಥವಾ ಗರ್ಭವಿಲ್ಲ ಎಂದು ಖಚಿತವಾದ ಯಾವ ದಿನವಾದರೂ. ಹೆರಿಗೆಯಾದ 48 ಗಂಟೆಯೊಳಗೂ ಆಗುತ್ತದೆ; ಮಾಸು ಬಿದ್ದ 10 ನಿಮಿಷದೊಳಗೆ, ಹೆರಿಗೆ ಟೇಬಲ್ ಮೇಲೇ ಹಾಕುವುದು ಇನ್ನೂ ಒಳ್ಳೆಯದು. ಸಿಸೇರಿಯನ್ ಆದರೆ ಹೊಲಿಗೆಗೆ ಮುಂಚೆ. 48 ಗಂಟೆ ಮೀರಿದರೆ 6 ವಾರ ಕಾಯಬೇಕು. ಹೆರಿಗೆಯಲ್ಲಿ ಹಾಕಿಸಬೇಕೆಂದಿದ್ದರೆ ಏಳನೇ ತಿಂಗಳ ತಪಾಸಣೆಯಲ್ಲೇ ಹೇಳಿ ತಾಯಿ ಕಾರ್ಡಿನಲ್ಲಿ ಬರೆಸಿ. ಹೆರಿಗೆ ನೋವಿನ ನಡುವೆ ಕೇಳಿದ ಒಪ್ಪಿಗೆ ಒಪ್ಪಿಗೆಯಲ್ಲ, ನಿಮಗೆ ತಿಳಿಸದೆ ಹಾಕುವ ಹಕ್ಕೂ ಯಾರಿಗೂ ಇಲ್ಲ.

ಮೊದಲ 3ರಿಂದ 6 ತಿಂಗಳು ಸ್ರಾವ ಹೆಚ್ಚು, ಹೊಟ್ಟೆ ಹಿಂಡುವುದು ಹೆಚ್ಚು. ಕರ್ನಾಟಕದಲ್ಲಿ 15ರಿಂದ 49ರ ಮಹಿಳೆಯರಲ್ಲಿ ನೂರಕ್ಕೆ 47.8 ಮಂದಿಗೆ ರಕ್ತಹೀನತೆ ಇದೆ ಎನ್ನುತ್ತದೆ ಅದೇ ಸಮೀಕ್ಷೆ. ಆದ್ದರಿಂದ ಹಾಕಿಸುವ ಮೊದಲು ಹಿಮೋಗ್ಲೋಬಿನ್ ನೋಡಿಸಿ. ತೀರಾ ಕಡಿಮೆಯಿದ್ದು ಮುಟ್ಟಿನಲ್ಲಿ ಈಗಾಗಲೇ ಹೆಚ್ಚು ಹೋಗುತ್ತಿದ್ದರೆ ಛಾಯಾ ಅಥವಾ ಅಂತರಾ ವಾಸಿ. ಕಿಬ್ಬೊಟ್ಟೆಯ ಸೋಂಕು, ಕೀವಿನಂಥ ಬಿಳಿಸೆರಗು, ಕಾರಣ ತಿಳಿಯದ ರಕ್ತಸ್ರಾವ ಇದ್ದರೆ ಮೊದಲು ಅದಕ್ಕೆ ಚಿಕಿತ್ಸೆಯಾಗಬೇಕು.

ಕೆಲವರು ಹೆದರುವಂತೆ ವಂಕಿ ಎದೆಗೆ ಏರುವುದಿಲ್ಲ. ಗರ್ಭಕೋಶದಿಂದ ಹೃದಯಕ್ಕೆ ಅಂಥ ದಾರಿಯೇ ಇಲ್ಲ. ಆಗಬಹುದಾದದ್ದು ಬೇರೆ: ಮೊದಲ ಕೆಲವು ತಿಂಗಳಲ್ಲಿ, ಅದರಲ್ಲೂ ಹೆರಿಗೆಯ ಬೆನ್ನಿಗೇ ಹಾಕಿದಾಗ, ಜಾರಿ ಹೊರಬೀಳಬಹುದು. ಹಾಕುವಾಗ ಗರ್ಭಕೋಶದ ಗೋಡೆಗೆ ಚುಚ್ಚುವುದು ಬಹಳ ಅಪರೂಪ. ಹಾಗಾಗಿ ಮೊದಲ ಮುಟ್ಟಿನ ನಂತರ ಅಥವಾ 6 ವಾರಕ್ಕೆ ಒಮ್ಮೆ ತೋರಿಸಲೇಬೇಕು. ವಂಕಿಯ ತುದಿಗಿರುವ ದಾರ ಕೈಗೆ ಸಿಗದಿದ್ದರೆ, ಗಟ್ಟಿ ತುದಿ ತಗುಲಿದರೆ, ಜ್ವರದ ಜೊತೆ ಕಿಬ್ಬೊಟ್ಟೆ ನೋವಿದ್ದರೆ, ಮುಟ್ಟು ತಪ್ಪಿದರೆ ಕಾಯಬೇಡಿ. ವಂಕಿ ಇದ್ದೂ ಗರ್ಭ ನಿಂತರೆ ಅದು ಗರ್ಭಕೋಶದ ಬದಲು ಅಂಡನಾಳದಲ್ಲಿ ನಿಂತಿದೆಯೇ ಎಂದು ತುರ್ತಾಗಿ ನೋಡಬೇಕಾಗುತ್ತದೆ.

ದುಬಾರಿಯವು ಮತ್ತು ಹೊಸತು

ಹಾರ್ಮೋನ್ ಇರುವ ವಂಕಿ ಖಾಸಗಿ ಆಸ್ಪತ್ರೆಯಲ್ಲಿ ಸಿಗುತ್ತದೆ, ಖರ್ಚು ಸಾವಿರಗಳಲ್ಲಿ. ಕನಿಷ್ಠ 5 ವರ್ಷ ಬಾಳುತ್ತದೆ. ತಾಮ್ರದ್ದಕ್ಕೆ ತದ್ವಿರುದ್ಧವಾಗಿ ಇದು ಸ್ರಾವವನ್ನು ಬಹಳ ತಗ್ಗಿಸುತ್ತದೆ. ಮುಟ್ಟಿನಲ್ಲಿ ಅತಿಯಾಗಿ ಹೋಗುವವರಿಗೆ ಎರಡು ಕೆಲಸ ಒಂದರಲ್ಲೇ ಆಗುವುದರಿಂದ ಆ ಹಣ ವ್ಯರ್ಥವಲ್ಲ. ಉಳಿದವರಿಗೆ ಉಚಿತದ ವಂಕಿಯೇ ಸಾಕು.

ತೋಳಿನ ಒಳಬದಿಯ ಚರ್ಮದಡಿ ಇಡುವ ಇಂಪ್ಲಾಂಟ್ 4 ಸೆಂಟಿಮೀಟರ್ ಕಡ್ಡಿ, 3 ವರ್ಷಕ್ಕೆ. ಕರ್ನಾಟಕವೂ ಸೇರಿದಂತೆ ಕೆಲವು ರಾಜ್ಯಗಳ ಆಯ್ದ ಜಿಲ್ಲೆಗಳಲ್ಲಿ ಸರ್ಕಾರ ಇದನ್ನು ಶುರು ಮಾಡಿದೆ. ಭರವಸೆಯಲ್ಲಿ ಇದನ್ನು ಮೀರಿಸುವುದು ಬೇರೊಂದಿಲ್ಲ. ಹೊತ್ತಲ್ಲದ ಹೊತ್ತಿನ ಸ್ರಾವವೇ ಜನ ಇದನ್ನು ಬೇಗ ತೆಗೆಸುವುದಕ್ಕೆ ಮುಖ್ಯ ಕಾರಣ. ಹಾಕಿಸುವ ಮೊದಲೇ "ತೆಗೆಯುವವರೂ ಇಲ್ಲೇ ಇದ್ದಾರೆಯೇ?" ಎಂದು ಕೇಳಿಕೊಳ್ಳಿ.

ತುರ್ತು ಮಾತ್ರೆ

ಇದನ್ನು ಆಯ್ಕೆಗಳ ಸಾಲಿನಲ್ಲಿ ಕೂರಿಸಬಾರದು. ತಡೆಯಿಲ್ಲದೆ ಸೇರಿದ 72 ಗಂಟೆಯೊಳಗೆ ಒಂದು ಮಾತ್ರೆ, ಎಷ್ಟು ಬೇಗವೋ ಅಷ್ಟು ಒಳ್ಳೆಯದು. 2 ಗಂಟೆಯೊಳಗೆ ವಾಂತಿಯಾದರೆ ಇನ್ನೊಂದು. ನುಂಗಿದ ಮೇಲಿನ ದಿನಗಳಿಗೆ ಇದು ರಕ್ಷಣೆ ಕೊಡದು. ನಿಂತ ಗರ್ಭವನ್ನು ತೆಗೆಯುವುದೂ ಇಲ್ಲ. ಗರ್ಭಪಾತದ ಮಾತ್ರೆಯೇ ಬೇರೆ, ಅದನ್ನು ವೈದ್ಯರಿಲ್ಲದೆ ನುಂಗುವುದು ಅಪಾಯ. ತಿಂಗಳಿಗೆರಡು ಸಲ ಇದರ ಅಗತ್ಯ ಬೀಳುತ್ತಿದ್ದರೆ ನಿಮಗೆ ಬೇಕಿರುವುದು ಮೇಲಿನ ಯಾವುದೋ ಒಂದು ವಿಧಾನ.

ಯಾರಿಗೆ ಯಾವುದು ಹೊಂದಬಹುದು

ಹೊಸದಾಗಿ ಮದುವೆಯಾಗಿ ವರ್ಷ ಎರಡು ವರ್ಷ ಮುಂದೂಡುವವರಿಗೆ ಮಾಲಾ-ಎನ್ ಅಥವಾ ಛಾಯಾ. ಬಿಪಿ ಸರಿಯಿದ್ದು ಮುಟ್ಟು ನಿಯಮಿತವಾಗಿರಬೇಕೆಂದರೆ ಮಾಲಾ, ದಿನದ ನೆನಪು ಕಷ್ಟವಾದರೆ ಛಾಯಾ. ಮಗುವಾಗದವರಿಗೆ ವಂಕಿ ಹಾಕಬಾರದು ಎನ್ನುವುದು ಹಳೆಯ ಮಾತು, ಸೋಂಕಿಲ್ಲದಿದ್ದರೆ ಹಾಕಬಹುದು.

ಬಾಣಂತಿಗೆ ಮೊದಲ 6 ತಿಂಗಳು ಎದೆಹಾಲೇ ಒಂದು ಮಟ್ಟಿನ ತಡೆ. ಮೂರು ಷರತ್ತು: ಹಗಲೂ ರಾತ್ರಿಯೂ ಎದೆಹಾಲು ಬಿಟ್ಟು ಬೇರೇನೂ ಕೊಡದಿರುವುದು, ಮುಟ್ಟು ಇನ್ನೂ ಬಾರದಿರುವುದು, ಮಗುವಿಗೆ 6 ತಿಂಗಳು ತುಂಬದಿರುವುದು. ಬೀಡಿಯ, ಗಾರ್ಮೆಂಟ್ಸಿನ ಕೆಲಸಕ್ಕೆ ಮೂರನೇ ತಿಂಗಳಿಗೇ ಮರಳುವವರಿಗೆ ಮೊದಲ ಷರತ್ತೇ ಮುರಿಯುತ್ತದೆ. ಅಂಥವರಿಗೆ ಹೆರಿಗೆಯಲ್ಲೇ ವಂಕಿ, ಇಲ್ಲವೇ 6 ವಾರಕ್ಕೆ ಅಂತರಾ.

ಗಂಡ ಬೆಂಗಳೂರಿನಲ್ಲೋ ಗೋವಾದಲ್ಲೋ ಕೆಲಸದಲ್ಲಿದ್ದು ಹಬ್ಬಕ್ಕೆ ಮಾತ್ರ ಬರುವ ಮನೆಗಳಲ್ಲಿ ಮಾತ್ರೆ ಬೇಗ ಕೈಬಿಡುತ್ತದೆ. ಬಂದ ದಿನ ಶುರು ಮಾಡಿದ ಮಾತ್ರೆ ಆ ವಾರ ಕಾಯುವುದಿಲ್ಲ. ಇಲ್ಲಿ ಕಾಂಡೋಮ್ ಅಥವಾ ವಂಕಿ.

ಎರಡು ಮಕ್ಕಳಾಗಿ ಆಪರೇಷನ್ ಬೇಡವೆನ್ನುವವರಿಗೆ 10 ವರ್ಷದ ವಂಕಿ. ತಡೆಯುವ ಬಲದಲ್ಲಿ ಆಪರೇಷನ್‌ಗೆ ಬಹುತೇಕ ಸಮ, ಮನಸ್ಸು ಬದಲಾದರೆ ದಾರಿ ತೆರೆದಿರುತ್ತದೆ.

ಒಂದರಿಂದ ಇನ್ನೊಂದಕ್ಕೆ ದಾಟುವಾಗ ನಡುವೆ ಖಾಲಿ ದಿನ ಬಿಡಬೇಡಿ. "ಮೈ ಸುಧಾರಿಸಿಕೊಳ್ಳಲಿ" ಎಂದು ಎರಡು ತಿಂಗಳು ಬಿಡುವು ಕೊಡುವ ರೂಢಿಗೆ ವೈದ್ಯಕೀಯ ಕಾರಣವಿಲ್ಲ. ಮಾಲಾ ಪಟ್ಟಿ ಮುಗಿದ ಮರುದಿನವೇ ಅಂತರಾ ಆಗಬಹುದು. ಅಂತರಾದ ಗಡುವು ಮುಗಿಯುವ ಮೊದಲೇ ವಂಕಿ ಹಾಕಿಸಬಹುದು. ವಂಕಿ ತೆಗೆಸಿ ಮಾತ್ರೆಗೆ ಹೋಗುವವರು ಮುಟ್ಟಿನ ದಿನಗಳಲ್ಲೇ ತೆಗೆಸಿ ಅಂದೇ ಮಾತ್ರೆ ಶುರು ಮಾಡಲಿ. ಇದಕ್ಕೆಲ್ಲ ಗಂಡನ ಸಹಿ ಬೇಕಿಲ್ಲ. ತೆಗೆಸಲು ಕಾರಣ ಹೇಳಬೇಕಾಗಿಯೂ ಇಲ್ಲ. ಪ್ರಾಥಮಿಕ ಆರೋಗ್ಯ ಕೇಂದ್ರಕ್ಕೆ ಹೋದ ದಿನ ಅಂತರಾ ಸ್ಟಾಕ್ ಇಲ್ಲವೆಂದರೆ ಬರಿಗೈಯಲ್ಲಿ ಬರಬೇಡಿ: ನಿರೋಧ್ ಪೊಟ್ಟಣ ಕೇಳಿ ಪಡೆಯಿರಿ, 4 ವಾರದ ಗಡುವು ಯಾವ ತಾರೀಕಿಗೆ ಮುಗಿಯುತ್ತದೆ ಎಂದು ಕಾರ್ಡಿನ ಮೇಲೆ ಬರೆಸಿಕೊಳ್ಳಿ.